ಹೊಸ್ತಿಲು ದಾಟದ ಕೂಸು

ಬೀದರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವ ನನ್ನ ಮೊಮ್ಮಗಳು ಮೊನ್ನೆ ಊಟಕ್ಕೆ ಕೂತಾಗ ದೊಡ್ಡ ಸುದ್ದಿ ತಂದವಳ ಹಾಗೆ ಹೇಳಿದಳು: "ಅಜ್ಜಿ, ಮನುಷ್ಯಾ ಏನ ಮಾಡಿದ್ರೂ ಅದರ ಹಿಂದ ಒಂದ ಇನ್ಸೆಂಟಿವ್ ಇರ್ತದಂತ."

"ಹಂಗಂದ್ರೇನವ್ವಾ?" ಎಂದೆ.

"ಅಂದ್ರ ಏನಾರ ಸಿಗ್ತದಂತ ಆಸಿ. ಸಿಗೂದಿದ್ರ ಮಾಡ್ತಾರ, ಇಲ್ದಿದ್ರ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟನ್ನು ಹೇಳಿಕೊಡಲಿಕ್ಕೆ ಕಾಲೇಜು ಕಟ್ಟಿಸಿ, ಮಂದಿಗೆ ಪಗಾರ ಕೊಟ್ಟು, ಈ ಹುಡುಗಿಯನ್ನು ವರ್ಷಗಟ್ಟಲೆ ಬೆಂಚಿನ ಮೇಲೆ ಕೂಡಿಸಿದ್ದಾರಲ್ಲ ಶಿವನೇ! ನನಗೆ ಇದನ್ನು ಬಾಯ್ತುಂಬ ಹಲ್ಲು ಕೂಡ ಬಂದಿರದ ಒಬ್ಬ ಗುರು ಒಂದೇ ಚಳಿಗಾಲದಲ್ಲಿ ಕಲಿಸಿ ಮುಗಿಸಿದ್ದ. ಅವನು ನನ್ನ ತಮ್ಮ. ಆಗ ನಾವು ಅದಕ್ಕೆ ಇನ್ಸೆಂಟಿವ್ ಅನ್ನುತ್ತಿರಲಿಲ್ಲ, ಬೆಲ್ಲ ಅನ್ನುತ್ತಿದ್ದೆವು.

ನಮ್ಮೂರು ಭಾಲ್ಕಿ ತಾಲೂಕಿನದು. ಖಟಕ ಚಿಂಚೋಳಿ ದಾಟಿ, ಹಳ್ಳ ಇಳಿದು ಹತ್ತಿದರೆ ಸಿಗುವ ಸಣ್ಣ ಊರು. ನಿಜಾಮರ ಆಳಿಕೆಯಲ್ಲಿ ಅಲ್ಲಿ ಸಾಲಿ ಅನ್ನುವುದೇ ಇರಲಿಲ್ಲ. ಉಳ್ಳವರ ಗಂಡುಹುಡುಗರು ಭಾಲ್ಕಿಗೆ ಹೋಗಿ ಉರ್ದು ಕಲಿತು ಬರುತ್ತಿದ್ದರು. ಉರ್ದುವಿನ ಮೇಲಿನ ಪ್ರೀತಿಗಲ್ಲ, ಕಚೇರಿಯ ನೌಕರಿ ಉರ್ದು ಬಂದವರಿಗೆ ಸಿಗುತ್ತಿತ್ತು, ಅದಕ್ಕೆ. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮರ ಬಾವುಟ ಇಳಿದದ್ದೇ ತಡ, ಅದೇ ಮಂದಿ ಬೆಳಗಾಗುವುದರೊಳಗೆ ಕನ್ನಡದ ಮಹಾ ಅಭಿಮಾನಿಗಳಾಗಿ ಎದ್ದು ಕೂತರು. ಆ ಗಲಾಟೆಯ ದಿನಗಳಲ್ಲಿ ಯಾರು ಯಾರನ್ನು ಅಟ್ಟದ ಮೇಲೆ ಬಚ್ಚಿಟ್ಟು ಉಳಿಸಿದರು, ಯಾರು ಬಾಗಿಲು ಹಾಕಿಕೊಂಡರು ಅನ್ನುವುದು ಊರಿಗೆ ಗೊತ್ತು. ಅದನ್ನು ನಗುತ್ತಾ ಹೇಳಲಿಕ್ಕೆ ಬರುವುದಿಲ್ಲ, ಹಾಗಾಗಿ ಇಲ್ಲಿ ಹೇಳುವುದಿಲ್ಲ. ನಮ್ಮ ಕತೆಗೆ ಇಷ್ಟು ಸಾಕು: ಆ ವಾರ ನಾವೆಲ್ಲ ತೊಗರಿ ಹೊಲದಲ್ಲಿ ಅಡಗಿ ಕೂತಿದ್ದಾಗ ಅವ್ವ ನನ್ನ ತಮ್ಮನನ್ನು ಹಡೆದಳು. ಹಡೆದವಳು ಅವ್ವ, ಹೊತ್ತವಳು ನಾನು. ನನಗಾಗ ಎಂಟೋ ಒಂಬತ್ತೋ. ಅವನು ನನ್ನ ಎಡ ಕಂಕುಳಿಗೆ ಬಂದ ದಿನದಿಂದ ನನ್ನ ಬಲಗೈ ಮಾತ್ರ ನನ್ನದಾಗಿ ಉಳಿಯಿತು.

ಮರುವರ್ಷ ಮಳೆಗಾಲದಲ್ಲಿ ನಮ್ಮೂರಿಗೂ ಒಂದು ಕನ್ನಡ ಸಾಲಿ ಬಂತು. ಸಾಲಿ ಅಂದರೆ ಧಾರವಾಡದ ಕಡೆಯ ಒಬ್ಬ ಮಾಸ್ತರರು, ಅವರ ಒಂದು ಟ್ರಂಕು, ಮತ್ತು ಅವರ ಕೆಮ್ಮು. ಜಾಗ ಬೇಕಲ್ಲ? ಜಹಗೀರದ ಧಾನ್ಯ ತುಂಬುತ್ತಿದ್ದ ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ಜಹಗೀರು ಹೋಗಿತ್ತು, ಇಲಿಗಳು ಹೋಗಿರಲಿಲ್ಲ. ಮಾಸ್ತರರಿಗೆ ಮೇಲಿನಿಂದ ಒಂದು ಮಾತು ಹೇಳಿ ಕಳಿಸಿದ್ದರು: ಹುಡುಗಿಯರೂ ಬಂದರೆ ಸಾಲಿ ಖಾಯಂ, ಸಾಲಿ ಖಾಯಂ ಆದರೆ ಮಾಸ್ತರರೂ ಖಾಯಂ. ಹಾಗಾಗಿ ಆ ಬಡಪಾಯಿ ಬೆಳಿಗ್ಗೆ ಎದ್ದು ಮನೆಮನೆಗೆ ಹೋಗಿ, ಹೆಣ್ಣುಮಕ್ಕಳ ವಿದ್ಯೆ ಎಷ್ಟು ದೊಡ್ಡದು ಎಂದು ಭಾಷಣ ಮಾಡುತ್ತಿದ್ದರು. ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡು ಶ್ರದ್ಧೆಯಿಂದ ಕೇಳಿ, ಒಳಗೆ ಹೋಗುತ್ತಿದ್ದರು.

ನಮ್ಮ ಓಣಿಯ ಒಬ್ಬಳು ಬಾಯಿ ಜೋರಿನ ಹೆಂಗಸು ಕಡೆಗೆ ಒಡೆದು ಹೇಳಿದಳು: "ನೀವು ಕಲಸ್ರಿ ಮಾಸ್ತರ್ರ, ಬ್ಯಾಡ ಅಂದೋರ್ಯಾರು? ಆದ್ರ ಈಕಿ ಸಾಲಿಗಿ ಬಂದ್ರ ಕೂಸಿಗಿ ಯಾರ ಹಿಡೀಬೇಕು? ನೀವು ಹಿಡೀತೀರೇನು?"

ಮಾಸ್ತರರಿಗೆ ತಾಳ್ಮೆ ಹೋಗಿತ್ತು. "ಕೂಸನ್ನೂ ಕರಕೊಂಡ ಬರ್ಲಿ ಹಂಗಾರ, ಯವ್ವಾ! ಕೈ ಮುಗೀತೀನಿ!" ಎಂದುಬಿಟ್ಟರು.

ಅಷ್ಟೇ ಸಾಕಾಯಿತು. ವಿದ್ಯೆಯ ಮಹಿಮೆಯಿಂದ ಆಗದಿದ್ದದ್ದು ಆ ಒಂದು ಮಾತಿನಿಂದ ಆಯಿತು. ಮರುದಿನ ಸಾಲಿ ತುಂಬಿ ಹೊಸ್ತಿಲ ತನಕ ಹುಡುಗಿಯರು, ಪ್ರತಿಯೊಬ್ಬಳ ಕಂಕುಳಲ್ಲಿ ಒಂದು ಕೂಸು. ಇಡೀ ಬೆಳಗು ಅಳುವ ಮಕ್ಕಳಿಲ್ಲದ ಮನೆ ಅಂದರೆ ನಮ್ಮ ತಾಯಂದಿರಿಗೆ ಕೈಲಾಸವೇ ಇಳಿದ ಹಾಗೆ! ಓಣಿಯ ಇನ್ನೊಬ್ಬಳಿಗೆ ಹೆಣ್ಣುಮಕ್ಕಳೇ ಇರಲಿಲ್ಲ. ಅವಳು ತನ್ನ ಕೂಸನ್ನು ತಾನೇ ತಂದು, "ಹುಡುಗಿ ಇಲ್ರಿ ನಮ್ಮನ್ಯಾಗ, ಕೂಸ ಒಂದೇ ಅದ. ಇದಕ್ಕೂ ಜರಾ ಸಾಲಿಗಿ ಹಾಕ್ಕೋರಿ" ಎಂದು ಮಾಸ್ತರರ ಮುಂದೆ ಇಟ್ಟು ಹೋದಳು.

ಕೋಣೆಯ ತೊಲೆಗಳಿಗೆ ಹಳೆಯ ಸೀರೆಗಳ ಜೋಲಿ ಬಿದ್ದವು. ಕಾಲ ಹೆಬ್ಬೆರಳಿಗೆ ಜೋಲಿಯ ಹಗ್ಗ, ತೊಡೆಯ ಮೇಲೆ ಪಾಟಿ. ನಾವು ಮಗ್ಗಿ ಹೇಳುತ್ತಾ ತೂಗುತ್ತಿದ್ದೆವು: ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ಕೂಸುಗಳು ಸೊಗಸಾಗಿ ನಿದ್ದೆ ಹೋಗುತ್ತಿದ್ದವು. ಆದರೆ ಮಗ್ಗಿ ನಿಂತರೆ ಒಂದಾದ ಮೇಲೊಂದು ಎದ್ದು ಕೂತು ರಾಗ ತೆಗೆಯುತ್ತಿದ್ದವು. ಹಾಗಾಗಿ ನಮ್ಮ ಸಾಲಿಯಲ್ಲಿ ಮಗ್ಗಿ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಬೀದರಿನಿಂದ ಸಾಲಿ ನೋಡಲಿಕ್ಕೆ ಬಂದ ಸಾಹೇಬರಿಗೆ ಇದು ಗೊತ್ತಿಲ್ಲ, ಪಾಪ. "ಜರಾ ಬಂದ್ ಮಾಡ್ರಿ, ಒಬ್ಬೊಬ್ರಿಗಿ ಕೇಳ್ತೇನಿ" ಎಂದರು. ಬಂದ್ ಮಾಡಿದೆವು. ಕೋಣೆ ತುಂಬ ಎದ್ದ ಆ ಕೂಗಿಗೆ ಹೊರಗೆ ಕಟ್ಟಿದ್ದ ಅವರ ಕುದುರೆ ಕೂಡ ಹಗ್ಗ ಜಗ್ಗಿತು. ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡು "ಚಾಲೂ ಮಾಡ್ರಿ! ಚಾಲೂ ಮಾಡ್ರಿ!" ಎಂದು ಒದರುತ್ತಾ ಹೊರಗೆ ಬಂದು, ಸಾಲಿ ಖಾಯಂ ಎಂದು ಹೇಳಿ ಕುದುರೆ ಹತ್ತಿದರು. ಅವರು ಹುಡುಗಿಯರನ್ನಷ್ಟೇ ಎಣಿಸಿದರೋ, ಜೋಲಿಯಲ್ಲಿದ್ದವರನ್ನೂ ಸೇರಿಸಿದರೋ, ಮಾಸ್ತರರು ಕೇಳಲಿಕ್ಕೆ ಹೋಗಲಿಲ್ಲ.

ನನಗೆ ವಿದ್ಯೆಯ ಹಸಿವಿತ್ತು ಎಂದು ಬರೆದರೆ ಚೆಂದ ಕಾಣುತ್ತದೆ. ಅಪ್ಪಟ ಸುಳ್ಳು. ಸಾಲಿಯಲ್ಲಿ ನನಗೆ ಕೂಡಲಿಕ್ಕೆ ಸಿಗುತ್ತಿತ್ತು. ಮನೆಯಲ್ಲಿ ಕೂತರೆ "ಏ ಪೋರಿ, ಸುಮ್ಮ ಕೂತೀ ಏನ?" ಎಂದು ಒಂದು ಕೆಲಸ ಹಾರಿಕೊಂಡು ಬರುತ್ತಿತ್ತು. ಹಸಿವು ಹುಟ್ಟಿದ್ದು ಆಮೇಲೆ, ಅದೂ ಒಂದು ಬೆಳಿಗ್ಗೆ ಬಸವಣ್ಣನ ಗುಡಿಯ ಮುಂದೆ. ಗುಡಿಯ ಬಾಗಿಲ ಪಕ್ಕದ ಗೋಡೆಯ ಮೇಲೆ ಯಾರೋ ಪುಣ್ಯಾತ್ಮರು ಕಪ್ಪು ಬಣ್ಣದಲ್ಲಿ ಏನೋ ಬರೆಸಿದ್ದರು. ಊರ ಹೆಂಗಸರೆಲ್ಲ ಅದು ಬಸವಣ್ಣನ ವಚನ ಎಂದು ನಂಬಿದ್ದರು. ನನ್ನ ಆಯಿ, ಅಂದರೆ ಅಪ್ಪನ ಅವ್ವ, ದಿನಾ ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಹೋಗುತ್ತಿದ್ದಳು. ಆವತ್ತು ಅವಳ ಹಿಂದೆ ನಿಂತಿದ್ದ ನನಗೆ ಗೋಡೆ ಇದ್ದಕ್ಕಿದ್ದ ಹಾಗೆ ಮಾತಾಡಿತು: "ಚಪ್ಪಲಿ ಇಲ್ಲೇ ಬಿಡಿರಿ."

ನಾನು ಜನ್ಮದಲ್ಲಿ ಚಪ್ಪಲಿ ಹಾಕಿದವಳಲ್ಲ, ಆಯಿಯೂ ಅಲ್ಲ. ಆದರೂ ಅಷ್ಟು ದೊಡ್ಡ ಗುಟ್ಟು ಊರಲ್ಲಿ ನನಗೊಬ್ಬಳಿಗೇ ಗೊತ್ತು ಅನ್ನುವ ಸೊಕ್ಕು ಇದೆಯಲ್ಲ, ಅದರ ರುಚಿ ಹತ್ತಿತು. ಆಯಿಗೆ ಹೇಳಲಿಲ್ಲ. ಹೇಳಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ಈ ಆಯಿಯ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಬೆಳ್ಳಿ ಡಬ್ಬಿಯಲ್ಲಿ ತಪಕೀರು, ಮೂಗಿನ ತುದಿಯಲ್ಲಿ ಸಿಟ್ಟು. ಕಣ್ಣೋ, ಹದ್ದಿನ ಕಣ್ಣು! ಅಂಗಳದಲ್ಲಿ ಕೂತು ಅಡುಗೆಮನೆಯ ಮೊರದಲ್ಲಿರುವ ಹರಳು ತೋರಿಸುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ನನ್ನ ಸೋದರತ್ತಿ, ಕೊಟ್ಟದ್ದು ಔರಾದ ಕಡೆಯ ಡಾಬಕಾಕ್ಕೆ. ಮಗಳ ಮದುವೆಯಲ್ಲಿ ಬೀಗಿತ್ತಿ ಏನೋ ಒಂದು ಮಾತು ಅಂದಳಂತೆ. "ಆಕಿ ಮನಿ ನೀರ ಸೈತ ಮುಟ್ಟಂಗಿಲ್ಲ" ಎಂದು ಆಯಿ ಅಂದೇ ಆಣೆ ಇಟ್ಟಿದ್ದಳು. ಮಗಳು ತವರಿಗೆ ಬರುತ್ತಿದ್ದಳೇ ಹೊರತು ಆಯಿ ಡಾಬಕಾದ ದಾರಿ ತುಳಿದವಳಲ್ಲ.

ದೀಪಾವಳಿಗೆ ಮುಂಚೆ ಆ ಡಾಬಕಾದಿಂದ ಹೇಳಿಕಳಿಸಿದರು. ಸೋದರತ್ತಿಗೆ ಸಂಕ್ರಾಂತಿ ಆದ ಮೇಲೆ ಹೆರಿಗೆ, ಮನೆಯಲ್ಲಿ ಕೂಸು ಹಿಡಿಯುವ ಹೆಣ್ಣುಹುಡುಗಿ ಇಲ್ಲ, ನಿಮ್ಮ ಪೋರಿಯನ್ನು ಕಳಿಸಿರಿ, ಇಲ್ಲೇ ಇದ್ದು ದೊಡ್ಡವಳಾಗಲಿ ಎಂದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ. ಇವರು ಕುಲಾವಿಯ ಬದಲು ನನ್ನನ್ನೇ ಹೊಲಿಸಿಟ್ಟುಕೊಳ್ಳಲಿಕ್ಕೆ ಹೊರಟಿದ್ದರು! ಡಾಬಕಾದಲ್ಲಿ ನನಗೆ ಸಾಲಿ ಇಲ್ಲ. ಅಲ್ಲಿ ಒಂದು ಕೂಸು, ಅದರ ಹಿಂದೆ ಇನ್ನೊಂದು ಕೂಸು, ಆಮೇಲೆ ನನ್ನದೇ ಕೂಸುಗಳು. ಪಾಟಿ ಮುಗಿದ ಹಾಗೇ.

ಅಪ್ಪ ಕೆಟ್ಟವನಲ್ಲ, ಲೆಕ್ಕದವನು. ಇಲ್ಲಿ ಒಂದು ಕೂಸು, ಅಲ್ಲಿ ಒಂದು ಕೂಸು, ಹುಡುಗಿ ಒಬ್ಬಳು. ಹ್ಯಾಂಗ ಮಾಡಬೇಕೆಂದು ಆಯಿಯನ್ನೇ ಕೇಳಿದ. ಆಯಿ ತಪಕೀರು ಮೂಗಿಗೆ ಏರಿಸಿ, ಸೀನಿ, ತೀರ್ಪು ಕೊಟ್ಟಳು: "ಈ ಕೂಸು ಹೊಸ್ತಲಾ ದಾಟ್ಲಿ. ದಾಟಿದ್ ದಿನಾ ಬೆಲ್ಲ ಹಂಚಿ, ಪೋರಿಗಿ ಡಾಬಕಾಕ್ಕ ಕಳಸ್ರಿ."

ಇದು ನಮ್ಮ ಮನೆತನದ ಪದ್ಧತಿ. ಮಗು ತಲಬಾಗಿಲ ಹೊಸ್ತಿಲನ್ನು ತನ್ನ ಕಾಲಿನಿಂದ ದಾಟಿದ ದಿನ ಹಿರಿಯರು ಐದು ಮನೆಗೆ ಬೆಲ್ಲ-ಕೊಬ್ಬರಿ ಹಂಚಬೇಕು. ಅಲ್ಲಿಯ ತನಕ ಅದು ಒಳಂಗಳ ಸುತ್ತಲಿ, ಹಿತ್ತಲು ಸುತ್ತಲಿ, ಲೆಕ್ಕಕ್ಕೆ ಕಂಕುಳ ಕೂಸೇ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜರಾ ಜೋರಾಯಿತು.

ಆ ವಾರವೇ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ನನ್ನ ತಮ್ಮ ಹಿತ್ತಲಲ್ಲಿ ಒರಳು ಹಿಡಿದು ಎದ್ದು ನಿಂತು, ಒರಳು ಬಿಟ್ಟು, ನಗುತ್ತಾ ನಡೆದು ನನ್ನ ಹತ್ತಿರ ಬಂದ. ಬೇರೆ ಅಕ್ಕಂದಿರಾದರೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಬಾಯಿ ಬಡಿದುಕೊಂಡೆ. "ಕೂಡೋ! ಕೂಡೋ ನನ್ನಪ್ಪಾ!" ಎಂದು ಗೋಗರೆದೆ. ಕೂಡಲಿಲ್ಲ. ಕಡೆಗೆ ಅಡುಗೆಮನೆಯ ನೆಲುವಿನಲ್ಲಿ ತೂಗಾಡುತ್ತಿದ್ದ ಬೆಲ್ಲದ ಗಡಿಗೆಗೆ, ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಕೈ ಹಾಕಿದೆ. ಬೆಲ್ಲ ಕಂಡದ್ದೇ ಹುಡುಗ ಪಟ್ಟನೆ ಕೂತ. ಬಾಯಿಗೆ ಬೆಲ್ಲ ಬಿತ್ತು. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಬೆರಗು ಒಂದು ಹೊತ್ತೂ ಉಳಿಯಲಿಲ್ಲ. ಕೂತರೆ ಬೆಲ್ಲ ಸಿಗುತ್ತದೆ ಎಂದು ಅವನಿಗೆ ತಿಳಿಯಿತು, ಸರಿ. ಆದರೆ ಕೂಡಬೇಕೆಂದರೆ ಮೊದಲು ಏಳಬೇಕಲ್ಲ! ಮೊದಲು ಎಂದೋ ಒಮ್ಮೆ ಏಳುತ್ತಿದ್ದವನು ಈಗ ಉಸಿರಿಗೊಮ್ಮೆ ಏಳತೊಡಗಿದ. ಎದ್ದು ನಿಂತು, ನನ್ನ ಕಡೆ ನೋಡಿ, ಕೈ ಚಾಚಿ ಕಾಯುತ್ತಿದ್ದ. ನಾನು ನಡಿಗೆ ಬಿಡಿಸಲಿಕ್ಕೆ ಹೋಗಿ ಅವನಿಗೆ ಕಸರತ್ತು ಕಲಿಸಿದ್ದೆ. ಕಾಲು ಗಟ್ಟಿಯಾಗಿ ದೀಪಾವಳಿಯ ಹೊತ್ತಿಗೆ ಹಿತ್ತಲಲ್ಲಿ ಓಡಲಿಕ್ಕೇ ಹತ್ತಿದ. ಯಾರಾದರೂ ಬರುವ ಸಪ್ಪಳವಾದರೆ ನಾನು ಅವನನ್ನು ಎತ್ತಿ ಕಂಕುಳಿಗೆ ಹಾಕಿಕೊಳ್ಳುತ್ತಿದ್ದೆ. ಮೊಮ್ಮಗಳ ಪುಸ್ತಕದಲ್ಲಿ ಇದಕ್ಕೂ ಒಂದು ಹೆಸರಿದೆಯಂತೆ. ಇರಲಿ.

ಆಗ ಕರಾರು ಬದಲಿಸಿದೆ. ಎದ್ದದ್ದಕ್ಕೆ ಇಲ್ಲ, ಕೂತದ್ದಕ್ಕೂ ಇಲ್ಲ. ತಲಬಾಗಿಲ ಹೊಸ್ತಿಲ ಹತ್ತಿರ ನಿಂತು, ಒಳಗೇ ಕೂತರೆ ಮಾತ್ರ ಬೆಲ್ಲ. ಇದು ಫಲಿಸಿತು. ಹೊಸ್ತಿಲು ಬಂದರೆ ಸಾಕು, ಅವನು ಗಕ್ಕನೆ ಕೂತು ಅಂಗೈ ತೆರೆಯುತ್ತಿದ್ದ. ಬೆಲ್ಲ ಸಣ್ಣದಾದರೆ ಒಂದು ಕಾಲು ಎತ್ತಿ ಹೊಸ್ತಿಲ ಮೇಲೆ ಇಟ್ಟು ನನ್ನ ಮುಖ ನೋಡುತ್ತಿದ್ದ. ಕಳ್ಳ ನನ್ಮಗ! ನಾನು ಓಡಿಹೋಗಿ ದೊಡ್ಡ ತುಂಡು ತರುತ್ತಿದ್ದೆ.

ಊರು ಸುಮ್ಮನಿರುತ್ತದೆಯೇ? ವರ್ಷ ತುಂಬಿ ಇಷ್ಟು ದಿನ ಆಯಿತು, ಕೂಸು ಹೊಸ್ತಿಲು ದಾಟಿಲ್ಲ ಎಂದು ಗುಸುಗುಸು ಶುರುವಾಯಿತು. ಬಾಯಿ ಜೋರಿನವಳು ಬಂದು ನೋಡಿ, ಅವನು ಅವಳ ಬಳೆ ಕಿತ್ತುಕೊಂಡದ್ದಕ್ಕೆ, "ಕುಂಟಗ ಎಂಟ ಚ್ಯಾಷ್ಟಿ" ಎಂದು ಹೋದಳು. ಅವ್ವನ ಕಣ್ಣಲ್ಲಿ ನೀರು. ಅದನ್ನು ನೋಡಿ ಹೇಳಿಬಿಡಲಿಕ್ಕೆ ಬಾಯಿ ತೆರೆದೆ, ಆದರೆ ಡಾಬಕಾ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿ, ಐದು ಸೋಮವಾರ ತಾವೇ ಬಂದು ಮಂತ್ರಿಸಬೇಕು ಎಂದರು. ಸೋಮವಾರ ನಮ್ಮ ಮನೆಯಲ್ಲಿ ಹೋಳಿಗೆ ಆಗುತ್ತಿದ್ದದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇನ್ಯಾರೋ ಹಿತ್ತಲಲ್ಲಿ ಕುಣಿ ತೋಡಿ ಸೊಂಟದ ತನಕ ಉಸುಕಿನಲ್ಲಿ ನಿಲ್ಲಿಸಿರಿ, ಕಾಲು ಗಟ್ಟಿಯಾಗುತ್ತವೆ ಎಂದರು. ನಿಲ್ಲಿಸಿದರು. ಅವನು ರಾಜನ ಹಾಗೆ ಕುಣಿಯಲ್ಲಿ ನಿಂತು, ಬಂದವರೆಲ್ಲರ ಕೈಯಿಂದ ಬೆಲ್ಲ, ಕೊಬ್ಬರಿ, ಪುಟಾಣಿ ತಿಂದ. ನಡೆಯದ ಮಗುವಿಗೆ ಇಷ್ಟು ಸಿಗುವಾಗ ಯಾವ ಮಗು ನಡೆದೀತು?

ಆಯಿಯೂ ಬಂದವರ ಎದುರು ತನ್ನ ಪಾಲಿನ ನಾಟಕ ಮಾಡುತ್ತಿದ್ದಳು. "ಬಾ ಬಾ ನನ್ನ ಬಂಗಾರ, ನಡಿ ನಡಿ" ಎಂದು ಬೆಲ್ಲ ತೋರಿಸಿ ಕರೆಯುತ್ತಿದ್ದಳು. ಒಂದು ವಿಚಿತ್ರ ನನಗೆ ಆಗ ಹೊಳೆಯಲೇ ಇಲ್ಲ. ಅವಳು ಕರೆಯುತ್ತಿದ್ದದ್ದು ಯಾವಾಗಲೂ ದೇವರ ಕೋಣೆಯ ಕಡೆಯಿಂದ, ಒಳಗಿನಿಂದ. ತಲಬಾಗಿಲ ಆಚೆ ನಿಂತು ಒಮ್ಮೆಯೂ ಕರೆಯಲಿಲ್ಲ.

ಸಂಕ್ರಾಂತಿ ಆಯಿತು. ಅತ್ತಿ ಹಡೆದಳು ಅನ್ನುವ ಸುದ್ದಿಯ ಬೆನ್ನಿಗೇ ಡಾಬಕಾದಿಂದ ಮಾವ, ಅತ್ತಿಯ ಗಂಡ, ಸವಾರಿ ಗಾಡಿ ಕಟ್ಟಿಕೊಂಡು ಬಂದ. ದೊಡ್ಡ ಮೀಸೆಯ ಮನುಷ್ಯ. "ಹುಡುಗಿ ತಯಾರದ ಏನ್ರಿ?" ಎಂದು ಕೇಳುತ್ತಲೇ ಗಾಡಿ ಇಳಿದ. ಅಪ್ಪ ಹೊಸ್ತಿಲ ಕರಾರು ಹೇಳಿದ. ಮಾವ ಜೋರಾಗಿ ನಕ್ಕ. "ಇಷ್ಟೇ ಏನ್ರಿ? ಈಗ ದಾಟಸ್ತೇನಿ ನೋಡ್ರಿ" ಎಂದು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು, ಸಂಕ್ರಾಂತಿಯ ಕುಸುರೆಳ್ಳಿನ ಪೊಟ್ಟಣ ಬಿಚ್ಚಿದ.

ಕುಸುರೆಳ್ಳು! ಬಿಳಿ, ಗುಲಾಬಿ, ಮುಳ್ಳುಮುಳ್ಳು ಸಕ್ಕರೆ. ರೇಶನ್ ಕಂಟ್ರೋಲಿನ ಆ ಕಾಲದಲ್ಲಿ ಸಕ್ಕರೆ ನೋಡಿದವರೇ ಕಡಿಮೆ. ನನ್ನ ಕೈಯಲ್ಲಿ ಅದೇ ಹಳೆಯ ಬೆಲ್ಲದ ತುಂಡು. ಹೊಸ್ತಿಲ ಆಚೆ ಮಾವ, ಈಚೆ ನಾನು, ನಡುವೆ ನನ್ನ ತಮ್ಮ. ಅಪ್ಪ, ಅವ್ವ, ಆಯಿ, ಅರ್ಧ ಓಣಿ ಸುತ್ತಲೂ. ಹುಡುಗ ಆ ಕಡೆ ನೋಡಿದ, ಈ ಕಡೆ ನೋಡಿದ. ಒಂದು ಕಾಲು ಎತ್ತಿದ. ನನ್ನ ಪಾಟಿ, ನನ್ನ ಮಗ್ಗಿ, ಗೋಡೆಯ ಅಕ್ಷರ ಎಲ್ಲ ಆ ಪುಟ್ಟ ಕಾಲಿನ ಕೆಳಗೆ ಇದ್ದವು.

ಅವನು ಆ ಕಾಲನ್ನು ಇಳಿಸಿ, ಹೊಸ್ತಿಲ ಮೇಲೇ ಕೂತುಬಿಟ್ಟ. ಕೂತು, ಒಂದು ಕೈ ಆ ಕಡೆ ಚಾಚಿದ, ಒಂದು ಕೈ ಈ ಕಡೆ ಚಾಚಿದ.

ಮಾವ ದಾಟಲಿ ಎಂದು ಕುಸುರೆಳ್ಳು ಇಟ್ಟ. ನಾನು ದಾಟದಿರಲಿ ಎಂದು ಬೆಲ್ಲ ಇಟ್ಟೆ. ಎರಡನ್ನೂ ತಿಂದು, ಎರಡೂ ಕೈ ಮತ್ತೆ ಚಾಚಿದ. ಅಪ್ಪನಿಗೆ ನಗು ತಡೆಯಲಿಲ್ಲ. ನಿಜಾಮರ ಕಾಲದಲ್ಲಿ ಸ್ಟೇಶನ್ನಿನಲ್ಲಿ ಹೋಗುವ ಬರುವ ಸಾಮಾನಿಗೆಲ್ಲ ಸುಂಕ ಹಿಡಿಯುವ ಕರೋಡಗೀರಿ ನಾಕಾ ಇರುತ್ತಿತ್ತು. "ಕರೋಡಗೀರಿ ನಾಕಾ ಬಂದ್ ಆಗೇದಂತ ಯಾರಂದೋರು? ನಮ್ಮನ್ಯಾಗ ಅದ ನೋಡ್ರಿ!" ಎಂದ. ಓಣಿಯೆಲ್ಲ ಗೊಳ್ಳೆಂದಿತು.

ಮಾವನಿಗೆ ಮಾತ್ರ ನಗು ಬರಲಿಲ್ಲ. ಪೊಟ್ಟಣ ಬರಿದಾಗಿತ್ತು. ಎದ್ದು ಬಂದು, ಕೂಸಿನ ರಟ್ಟೆ ಹಿಡಿದು ನಿಲ್ಲಿಸಿ, ಆಚೆಗೆ ಎಳೆಯಲಿಕ್ಕೆ ಹೋದ.

"ಕೈ ಬಿಡ್ರಿ." ಆಯಿಯ ದನಿ. "ಕೂಸಿಗಿ ಇನ್ನಾ ಕಾಲ ಬಂದಿಲ್ರಿ. ಎಳದ್ರ ರಟ್ಟಿ ಜಾರ್ತದ."

"ಹಂಗಾದ್ರ ನಾ ಖಾಲಿ ಗಾಡಿ ಹೊಡ್ಕೊಂಡ ಹೋಗ್ಲೇನ್ರಿ ಅತ್ತಿ? ಅಲ್ಲಿ ಬಾಣಂತಿ ಒಬ್ಬಾಕೇ ಒದ್ದಾಡ್ಲತ್ತಾಳ. ನಿಮ್ಮ ಮಗಳೇ ಅಲ್ಲೇನ್ರಿ ಆಕಿ?"

ಆಯಿ ಡಬ್ಬಿ ತೆಗೆದಳು. ತಪಕೀರು ಏರಿಸಿದಳು. ಸೀನಿದಳು. "ಖಾಲಿ ಯಾಕ ಹೋಗ್ತೀರಿ? ನಾ ಬರ್ತೇನಿ" ಎಂದಳು.

ಬೀಗಿತ್ತಿಯ ಮನೆಯ ನೀರು ಮುಟ್ಟದ ಆಯಿ! ಅಪ್ಪ "ಅವ್ವಾ, ಆಣಿ?" ಎಂದ. "ಆಣಿ ಬಸವಣ್ಣಗ ಇಟ್ಟಿದ್ನಿ, ಅಂವಾ ನೋಡ್ಕೋತಾನ" ಎಂದು ಒಳಗೆ ಹೋದಳು.

ನಾನು ಹಿಂದೆಯೇ ಅಡುಗೆಮನೆಗೆ ಹೋದೆ. ಆಯಿ ಎರಡು ಸೀರೆ ಗಂಟು ಕಟ್ಟುತ್ತಿದ್ದಳು. ನನ್ನ ಕಡೆ ನೋಡದೆ, "ಆ ಗಡಿಗಿ ಇಳಸು" ಎಂದಳು. ಮಣೆಯ ಮೇಲೆ ಮಣೆ ಇಟ್ಟು ಹತ್ತಿ ಇಳಿಸಿದೆ. ಕೈಯಲ್ಲಿ ಹಿಡಿದಾಗಲೇ ಭಾರ ಗೊತ್ತಾಯಿತು. ಕಂಠದ ತನಕ ಬೆಲ್ಲ.

"ಸಾಲಿಗಿ ಹೋಗೋ ಶಾಣ್ಯಾಕಿ" ಎಂದಳು ಆಯಿ. "ದೀವಳಗಿಲಿಂದ ಕದ್ದಿ. ದಿನಾ ತಗದ್ರೂ ತೀರದ ಗಡಿಗಿ ಎಲ್ಲರ ಕೇಳೀಯೇನ?"

"ನಿನಗ ಗೊತ್ತಿತ್ತಾ ಆಯಿ?"

"ಹಿತ್ತಲದಾಗ ಕುದರಿ ಹಂಗ ಓಡ್ಲತ್ತಾನ, ನನಗ ಗೊತ್ತಾಗಂಗಿಲ್ಲಾ?"

"ಮತ್ತ ಯಾಕ ಹೇಳಲಿಲ್ಲ? ಅತ್ತಿ ನಿನ್ನ ಮಗಳಲ್ಲ?"

ಆಯಿ ಗಂಟು ಬಿಗಿದಳು. ಬಿಗಿದದ್ದನ್ನೇ ಮತ್ತೆ ಬಿಚ್ಚಿ ಬಿಗಿದಳು. "ನಾ ನಿನಕಿಂತ ಸಣ್ಣಾಕಿ ಇದ್ದಾಗ ನನ್ನ ಕಂಕುಳಾಗ ಒಂದ ಕೂಸ ಇಟ್ರು. ಇನ್ನಾತನಕ ಇಳದಿಲ್ಲವ್ವಾ ಅದು."

ನಾನು ಅವಳ ಸೆರಗು ಹಿಡಿದು ಗಟ್ಟಿಯಾಗಿ ಅತ್ತೆ. ಆಯಿ ನನ್ನ ತಲೆಗೆ ಒಂದು ಮೊಟಕಿದಳು. "ಅಳಬ್ಯಾಡ. ಹೋಗಿ ಕೂಸಿಗಿ ಹಿಡಿ, ಹೊಸ್ತಲದಾಗ ಅದ."

ಆಯಿ ಗಾಡಿ ಹತ್ತಿ ಕೂತಳು. ನಾನು ಬಾಗಿಲೊಳಗೆ ತಮ್ಮನನ್ನು ಎತ್ತಿಕೊಂಡು ನಿಂತಿದ್ದೆ. ಎತ್ತುಗಳು ಎದ್ದವು, ಗಾಡಿ ಅಲುಗಿತು. ಆಯಿ ಗಾಡಿಯಲ್ಲಿ ದೂರ ಹೋಗುವುದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಮ್ಮೆಲೆ ಚೀರಿ, ನನ್ನ ಕಂಕುಳಿಂದ ಮೀನಿನ ಹಾಗೆ ಜಾರಿ ಇಳಿದ. ಹಿಡಿಯುವಷ್ಟರಲ್ಲಿ ಹೊಸ್ತಿಲು ದಾಟಿ, ಕಟ್ಟೆ ಇಳಿದು, "ಆಯಿ, ಆಯಿ" ಎನ್ನುತ್ತಾ ಗಾಡಿಯ ಹಿಂದೆ ಓಡಿದ. ಅವನಿಗೆ ಯಾರೂ ಬೆಲ್ಲ ತೋರಿಸಿರಲಿಲ್ಲ.

ಓಣಿಯೆಲ್ಲ ನೋಡಿತು. ಅಪ್ಪ ಕೈ ಎತ್ತಿ ಕುಣಿದ: "ದಾಟಿದ! ಅವ್ವಾ, ದಾಟಿದ!" ಮಾವ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದ. ಅವನ ಮುಖದಲ್ಲಿ ಮತ್ತೆ ನಗು ಬಂದಿತ್ತು. ಗಾಡಿಯಲ್ಲಿ ಆಯಿಯ ಬದಲು ಇನ್ನು ನಾನೇ.

ಆಯಿ ಹಿಂದಕ್ಕೆ ತಿರುಗಿದಳು. ಧೂಳಿನಲ್ಲಿ ಓಡಿಬರುತ್ತಿದ್ದ ಮೊಮ್ಮಗನನ್ನು ಆ ಹದ್ದಿನ ಕಣ್ಣುಗಳಿಂದ ಕಣ್ತುಂಬ ನೋಡಿದಳು. ಕಣ್ಣು ತುಂಬಿದ್ದವು ಕೂಡ.

"ಯಾರ ದಾಟಿದ್ರು?" ಎಂದಳು. "ನನಗೇನೂ ಕಾಣಂಗಿಲ್ಲಪಾ, ಕಣ್ಣಿಗಿ ಮಂಜ ಬಂದದ. ಹೊಡೀರಿ ಗಾಡಿ."

ಮಾವ ಅಪ್ಪನ ಮುಖ ನೋಡಿದ. ಅಪ್ಪ ಬಾಯಿ ತೆರೆಯುವ ಮುಂಚೆ, ಅಷ್ಟೂ ದಿನ ಮಾತಾಡದ ಅವ್ವ ಹೊರಗೆ ಬಂದು, ಕೂಸನ್ನು ಎತ್ತಿ ಕಂಕುಳಿಗೆ ಹಾಕಿಕೊಂಡಳು. "ಬೆಲ್ಲ ಹಂಚೂದು ಹಿರೇರ ಕೈಲಿಂದ ಆಗ್ಬೇಕರಿ. ನಮ್ಮ ಅತ್ತಿ ಡಾಬಕಾದಿಂದ ತಿರುಗಿ ಬರೂತನಕ ಇದು ದಾಟಿಲ್ಲ" ಎಂದಳು. ಗಾಡಿ ಹೋಯಿತು.

ಆಯಿ ಬಂದದ್ದು ಮುಂದಿನ ಮಳೆಗಾಲಕ್ಕೆ. ಅಷ್ಟು ದಿನವೂ ಲೆಕ್ಕಕ್ಕೆ ನನ್ನ ತಮ್ಮನಿಗೆ ಕಾಲು ಬಂದಿರಲಿಲ್ಲ. ಕಾಲಿಲ್ಲದ ಆ ಹುಡುಗ ದಿನಾ ನನಗಿಂತ ಮುಂದೆ ಸಾಲಿಗೆ ಓಡುತ್ತಿದ್ದ, ಮಾಸ್ತರರ ಟೊಪ್ಪಿಗೆ ಹಾರಿಸುತ್ತಿದ್ದ, ಊರ ಕುರಿಗಳ ಬಾಲ ಜಗ್ಗುತ್ತಿದ್ದ. ದಾರಿಯಲ್ಲಿ ಸಿಕ್ಕ ಅಯ್ಯನವರು ಇನ್ನೂ ಐದು ಸೋಮವಾರ ಮಂತ್ರಿಸುವ ಮಾತು ತೆಗೆಯುತ್ತಿದ್ದರು. ಆಯಿ ಬಂದ ದಿನ ಐದು ಮನೆಗೆ ಬೆಲ್ಲ-ಕೊಬ್ಬರಿ ಹೋಯಿತು. ಅಷ್ಟರಲ್ಲಿ ಡಾಬಕಾದ ಕೂಸು ತಾನೇ ತೆವಳುತ್ತಿತ್ತು, ನನ್ನ ಸುದ್ದಿ ಯಾರೂ ಎತ್ತಲಿಲ್ಲ.

ಇಷ್ಟು ಕೇಳಿ ಮೊಮ್ಮಗಳು ಹುಬ್ಬು ಗಂಟಿಕ್ಕಿದಳು. "ಎಲ್ಲಾರದೂ ಸರಿ ಅಜ್ಜಿ. ಮಾಸ್ತರಗ ನೌಕರಿ, ಅಯ್ಯನವರಿಗಿ ಹೋಳಗಿ, ಕೂಸಿಗಿ ಬೆಲ್ಲ. ನಿಮ್ಮ ಆಯಿಗಿ ಏನ ಸಿಕ್ತು?"

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಬಂದ ಮರುದಿನ ಆಯಿ ನನ್ನನ್ನು ಬಸವಣ್ಣನ ಗುಡಿಗೆ ಕರೆದುಕೊಂಡು ಹೋದಳು. ಗೋಡೆಯ ಅಕ್ಷರದ ಮೇಲೆ ಬೆರಳಿಟ್ಟು, "ಓದು" ಎಂದಳು.

ನಾನು ತಡವರಿಸಿದೆ. ಒಂದು ವಚನ ಕಟ್ಟಿ ಹೇಳಿಬಿಡಲೇ ಅನ್ನಿಸಿತು. ಆದರೆ ಆ ಕಣ್ಣುಗಳ ಮುಂದೆ ಸುಳ್ಳು ನಡೆಯುವುದಿಲ್ಲ. "ಚಪ್ಪಲಿ ಇಲ್ಲೇ ಬಿಡಿರಿ ಅಂತ ಅದ ಆಯಿ" ಎಂದೆ.

ಆಯಿ ತನ್ನ ಬರಿಗಾಲು ನೋಡಿಕೊಂಡಳು. ಗೋಡೆ ನೋಡಿದಳು. ಆಮೇಲೆ ನಕ್ಕಳು ನೋಡಿ, ಅಂಥ ನಗು ನಾನು ಮತ್ತೆ ಕೇಳಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದು, "ಜನ್ಮ ಎಲ್ಲಾ ಚಪ್ಪಲಿಗಿ ಶರಣಂದ್ನೆಲ್ಲವ್ವಾ! ಇದರ ಸಲುವಾಗಾ ನಾ ಆ ಬೀಗಿತ್ತಿ ಮನಿ ನೀರ ಕುಡದದ್ದು!" ಎಂದು ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ನೋಡಿದರೆ, ಗುಡಿಯ ಬಾಗಿಲಲ್ಲಿ ಆಯಿ ಮತ್ತೆ ಅದೇ ಅಕ್ಷರಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾಳೆ.

"ಆಯಿ, ಅದು ಚಪ್ಪಲಿ ಮಾತು!" ಎಂದೆ.

"ಬರದದ್ದು ಏನರ ಇರ್ಲಿ" ಎಂದಳು. "ಓದಿದಾಕಿ ನಮ್ಮಾಕಿ."